ಅಪ್ಪನ ಕೋವಿ ನನ್ನ ಹೆಸರಿಗೆ ಬಂದ ಬಗೆ

ಅಪ್ಪನಿಗೆ ಎಪ್ಪತ್ತು ದಾಟಿದ ಮೇಲೆ ತೋಟದ ಪಹಣಿ, ಬ್ಯಾಂಕಿನ ಸಾಲದ ಖಾತೆ, ಕಾಫಿ ಬೋರ್ಡಿನ ಕಾಗದ ಎಲ್ಲ ಒಂದೊಂದಾಗಿ ನನ್ನ ಹೆಸರಿಗೆ ಬಂದವು. ಕೊನೆಗೆ ಉಳಿದದ್ದು ಕೋವಿ. ಎಲ್ಲಕ್ಕಿಂತ ಜಾಸ್ತಿ ಓಡಾಡಿಸಿದ್ದೂ ಅದೇ. ಮಲೆನಾಡಿನಲ್ಲಿ ನನ್ನ ಹಾಗೆ ಅಪ್ಪನ ಕೋವಿ, ಅಜ್ಜನ ಕೋವಿ ಮನೆಯಲ್ಲಿಟ್ಟುಕೊಂಡು ಮುಂದೇನು ಅಂತ ಗೊತ್ತಿಲ್ಲದೆ ಕೂತವರು ತುಂಬಾ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಮ್ಮ ತೋಟ ಇರೋದು ಚಿಕ್ಕಮಗಳೂರಿನಿಂದ ಮುತ್ತೋಡಿಗೆ ಹೋಗುವ ದಾರಿಯಲ್ಲಿ, ಮಲ್ಲಂದೂರಿನ ಆಚೆ. ಭದ್ರಾ ಅಭಯಾರಣ್ಯ ಹತ್ತಿರದಲ್ಲೇ ಇದೆ. ಈ ಹತ್ತಿರ ಅನ್ನೋದು ಮುಂದೆ ನನ್ನ ಫೈಲನ್ನು ತಿಂಗಳುಗಟ್ಟಲೆ ಕೂರಿಸಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ವಿಷಯ ಎತ್ತಿದಾಗೆಲ್ಲ ಯಾರಾದರೂ ಒಬ್ಬರು, "ಕಾಫಿ ಬೆಳೆಗಾರರಿಗೆ ಲೈಸೆನ್ಸೇ ಬೇಡ ಅಲ್ವಾ?" ಅಂತ ಕೇಳುತ್ತಿದ್ದರು. ಆ ವಿನಾಯಿತಿ ಇರೋದು ಕೊಡಗಿನಲ್ಲಿ. ಅದೂ ಕೊಡವರಿಗೆ ಮತ್ತು ಜಮ್ಮಾ ಜಮೀನಿನ, ಅಂದರೆ ಅಲ್ಲಿ ವಂಶಪಾರಂಪರ್ಯವಾಗಿ ಬಂದ ಹಿಡುವಳಿಯ, ಹಿಡುವಳಿದಾರರಿಗೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಅದರ ವಿರುದ್ಧ ಹೈಕೋರ್ಟಿಗೆ ಹೋದಾಗ 2021ರಲ್ಲಿ ಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ನಮ್ಮ ಅತ್ತೆಯ ಮಗಳನ್ನು ಮಡಿಕೇರಿ ಕಡೆಗೆ ಕೊಟ್ಟಿದೆ. ಅವರ ಮನೆಯ ಗೋಡೆಯಲ್ಲಿ ಕೋವಿ ತೂಗುವುದನ್ನು ನೋಡಿ ಬಂದ ನಮ್ಮವರು ಇಲ್ಲೂ ಹಾಗೇ ಅಂದುಕೊಳ್ಳುತ್ತಾರೆ. ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ಅದು ಅನ್ವಯಿಸಲ್ಲ. ಸಕಲೇಶಪುರವಾಗಲಿ, ಮೂಡಿಗೆರೆಯಾಗಲಿ, ಲೈಸೆನ್ಸ್ ಇಲ್ಲದ ಕೋವಿ ಮನೆಯಲ್ಲಿದ್ದರೆ ಅದು ಅಪರಾಧ. ಅಜ್ಜ ಬಿಟ್ಟುಹೋದದ್ದು ಅನ್ನುವ ಸಮಜಾಯಿಷಿ ನಡೆಯಲ್ಲ.

ನಮ್ಮ ಮನೆಯಲ್ಲಿ ಮೊದಲು ಮೂರು ಕೋವಿ ಇದ್ದವು. ಅಪ್ಪನ 12 ಬೋರ್ ಜೋಡು ನಳಿಗೆ, ಅಜ್ಜನ ಕಾಲದ ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹೊಡೆಯುವಂಥದ್ದು), ಇನ್ನೊಂದು .22 ರೈಫಲ್. ಮೂರೂ ಲೈಸೆನ್ಸ್ ಇದ್ದವೇ. 2019ರ ಡಿಸೆಂಬರಿನಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂತು. ಒಬ್ಬರ ಹೆಸರಲ್ಲಿ ಮೂರು ಇಟ್ಟುಕೊಳ್ಳಬಹುದಿದ್ದದ್ದು ಎರಡಕ್ಕೆ ಇಳಿಯಿತು. ಮಸೂದೆಯಲ್ಲಿ ಮೊದಲು ಒಂದೇ ಅಂತ ಇತ್ತು, ವಿರೋಧ ಬಂದ ಮೇಲೆ ಎರಡಾಯಿತು. ಹೆಚ್ಚುವರಿ ಕೋವಿಯನ್ನು ಒಂದು ವರ್ಷದೊಳಗೆ ಠಾಣೆಗೆ ಅಥವಾ ಲೈಸೆನ್ಸ್ ಇರುವ ಡೀಲರಿಗೆ ಒಪ್ಪಿಸಬೇಕು. ವಂಶಪಾರಂಪರ್ಯವಾಗಿ ಬಂದದ್ದಾದರೂ ಎರಡರ ಮಿತಿ ದಾಟುವ ಹಾಗಿಲ್ಲ.

ಅಪ್ಪ ರೈಫಲ್ ಬಿಡೋದು ಅಂತ ತೀರ್ಮಾನಿಸಿದರು. ಠಾಣೆಯ ಮೂಲೆಯಲ್ಲಿ ತುಕ್ಕು ಹಿಡಿಯೋದಕ್ಕಿಂತ ಬಳಸುವವರ ಕೈಗೆ ಹೋಗಲಿ ಅನ್ನೋದು ಅವರ ಆಸೆ. ವಿಚಾರಿಸಿದಾಗ ಜಿಲ್ಲೆಯ ಒಂದು ಶೂಟಿಂಗ್ ಕ್ಲಬ್ಬಿನ ಸದಸ್ಯರೊಬ್ಬರು ತೆಗೆದುಕೊಳ್ಳಲು ಮುಂದೆ ಬಂದರು. ಮಾನ್ಯತೆ ಪಡೆದ ರೈಫಲ್ ಕ್ಲಬ್ ಅಥವಾ ರೈಫಲ್ ಅಸೋಸಿಯೇಷನ್ನಿನ ಸದಸ್ಯರು ಗುರಿ ಅಭ್ಯಾಸಕ್ಕೆ ಇಟ್ಟುಕೊಳ್ಳುವ .22 ರೈಫಲ್ ಆ ಎರಡರ ಲೆಕ್ಕಕ್ಕೆ ಬರಲ್ಲ. ಕಾಯ್ದೆಯ 3ನೇ ಕಲಮಿನಲ್ಲೇ ಅದು ಇದೆ. ಕೊಡುವವರ ಬಳಿ, ಕೊಳ್ಳುವವರ ಬಳಿ ಇಬ್ಬರಲ್ಲೂ ಲೈಸೆನ್ಸ್ ಇದ್ದರೂ ಕೋವಿಯನ್ನು ಕೈಯಿಂದ ಕೈಗೆ ಸುಮ್ನೆ ದಾಟಿಸುವ ಹಾಗಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಠಾಣೆಗೆ ಬರೆದು ತಿಳಿಸಬೇಕು, ತಿಳಿಸಿದ ಮೇಲೆ 45 ದಿನ ಕಳೆಯಬೇಕು. ಆಗ ಅಪ್ಪ ಮಾಡಿದ್ದೂ ಹಾಗೇ.

ಇದನ್ನು ಟೆಕ್ಸಾಸಿನಲ್ಲಿರುವ ನನ್ನ ಭಾವನಿಗೆ ಫೋನಿನಲ್ಲಿ ಹೇಳಿದಾಗ ಅವರು ನಂಬಲೇ ಇಲ್ಲ. ಅಲ್ಲಿ ವಾರದ ಕೊನೆಯಲ್ಲಿ ದೊಡ್ಡ ದೊಡ್ಡ ಸಭಾಂಗಣದಲ್ಲಿ ಗನ್ ಶೋ ನಡೆಯುತ್ತೆ. ಮೇಜಿನ ಮೇಲೆ ಸಾಲಾಗಿ ಬಂದೂಕು ಜೋಡಿಸಿಟ್ಟು ಮಾರುತ್ತಾರೆ. ಲೈಸೆನ್ಸ್ ಇರುವ ಡೀಲರ್ ಆದರೆ ಶೋನಲ್ಲೂ ಕೊಳ್ಳುವವನ ಹಿನ್ನೆಲೆ ಪರೀಕ್ಷೆ ಮಾಡಿಸಲೇಬೇಕು. ಆದರೆ ಒಬ್ಬ ಸಾಮಾನ್ಯ ಮನುಷ್ಯ ತನ್ನ ಸ್ವಂತದ್ದನ್ನು ಇನ್ನೊಬ್ಬನಿಗೆ ಮಾರಿದರೆ ಅಲ್ಲಿನ ಕೇಂದ್ರ ಕಾನೂನು ಅದನ್ನು ಕೇಳಲ್ಲ. ಎಷ್ಟೇ ಓಡಾಟ ಆದರೂ ಈ ವಿಷಯದಲ್ಲಿ ನಮ್ಮ ಕಾನೂನೇ ಸರಿ ಅಂತ ನನ್ನ ಗಟ್ಟಿ ನಂಬಿಕೆ. 45 ದಿನ ಕಾಯೋದರಿಂದ ಯಾರ ಗಂಟೂ ಹೋಗಲ್ಲ.

ರೈಫಲ್ ಕೊಟ್ಟ ನೆಪದಲ್ಲಿ ಕ್ಲಬ್ಬಿನ ಪರಿಚಯ ಆಯಿತು. ಕೋವಿಡ್ ಮುಗಿದ ಮೇಲೆ ನನ್ನ ಮಗ ಅಲ್ಲಿ ಏರ್ ರೈಫಲ್ ಕಲಿಯಲು ಸೇರಿದ. .177 ಬೋರ್ ಮೀರದ, 20 ಜೌಲಿಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಹಾಗಂತ ಅದರಲ್ಲಿ ಹಕ್ಕಿ ಹೊಡೆಯಲು ಹೋದರೆ ವನ್ಯಜೀವಿ ಕಾಯ್ದೆಯಡಿ ಕೇಸಾಗುತ್ತೆ. ಮಕ್ಕಳಿಗೆ ಏರ್ ಗನ್ ಕೊಡಿಸುವ ಅಪ್ಪ ಅಮ್ಮಂದಿರು ಇದನ್ನು ಮೊದಲೇ ಹೇಳಿಕೊಡಬೇಕು.

2023ರ ಕೊನೆಯಲ್ಲಿ ಅಪ್ಪನ ಎರಡು ಕೋವಿಗೂ ನಾನು ಅರ್ಜಿ ಹಾಕಿದೆ. ಲೈಸೆನ್ಸ್‌ದಾರರು ತೀರಿಕೊಂಡ ಮೇಲೆಯೇ ವಾರಸುದಾರರು ಕೇಳಬೇಕು ಅಂತ ಅನೇಕರು ತಿಳಿದಿದ್ದಾರೆ. ಹಾಗಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಲ್ಲಿ ಬದುಕಿದ್ದಾಗಲೇ ದಾಟಿಸುವ ದಾರಿ ಇದೆ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿರಬೇಕು, ಇಲ್ಲವೇ ಆ ಕೋವಿಯನ್ನು 25 ವರ್ಷ ಇಟ್ಟುಕೊಂಡಿರಬೇಕು. ಎರಡರಲ್ಲಿ ಯಾವುದು ಮೊದಲಾದರೂ ಸರಿ. ಮನೆಯಲ್ಲಿ ಹಿರಿಯರು ಗಟ್ಟಿಯಾಗಿರುವಾಗಲೇ ಇದನ್ನು ಮಾಡಿಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಸಹಿ ಹಾಕುವವರು ಎದುರಿಗೇ ಇರುತ್ತಾರೆ. ಕೋವಿಯ ನಂಬರು, ಎಲ್ಲಿ ಕೊಂಡದ್ದು, ಯಾವಾಗ ಏನಾಯಿತು ಎಲ್ಲವನ್ನೂ ಅವರೇ ಹೇಳುತ್ತಾರೆ. ತೀರಿಕೊಂಡ ಮೇಲೆ ಕೋವಿಯನ್ನು ಮೊದಲು ಠಾಣೆಯಲ್ಲೋ ಡೀಲರ್ ಹತ್ತಿರವೋ ಇಟ್ಟು ಆಮೇಲೆ ಅಲೆಯಬೇಕು.

ಕಾಗದಗಳ ಬಗ್ಗೆ ಹೆಚ್ಚು ಬರೆಯಲ್ಲ. ಅರ್ಜಿಯನ್ನು ಶಸ್ತ್ರ ಲೈಸೆನ್ಸಿನ ರಾಷ್ಟ್ರೀಯ ಜಾಲತಾಣದಲ್ಲಿ ತುಂಬಿ, ಪ್ರಿಂಟ್ ತೆಗೆದು, ಪಹಣಿ, ಆಧಾರ್, ಫೋಟೋ, ವೈದ್ಯರ ಸರ್ಟಿಫಿಕೇಟ್ ಸೇರಿಸಿ ಡಿಸಿ ಕಚೇರಿಗೆ ಕೊಡಬೇಕು. ಅಪ್ಪನ ಒಪ್ಪಿಗೆ ಪತ್ರ, ತಮ್ಮನ ಆಕ್ಷೇಪಣೆ ಇಲ್ಲ ಅನ್ನೋ ಅಫಿಡವಿಟ್ಟು ನೋಟರಿಯಾಗಬೇಕು. ತಮ್ಮ ಬೆಂಗಳೂರಿನಲ್ಲಿದ್ದಾನೆ. "ಅಕ್ಕಾ, ತೋಟ ನೋಡ್ಕೊಳ್ಳೋಳು ನೀನು, ಕೋವಿ ನಂಗ್ಯಾಕೆ" ಅಂದು ಅದೇ ವಾರ ಬಂದು ಸಹಿ ಹಾಕಿ ಹೋದ. ಕೋವಿ ಇಡುವ ಜಾಗ ಭದ್ರವಾಗಿದೆ ಅಂತಲೂ ಬರೆದುಕೊಡಬೇಕು. ಗೋಡೆಗೆ ಮೊಳೆ ಹೊಡೆದು ತೂಗುಹಾಕುವ ಕಾಲ ಹೋಯಿತು. ನಾನು ಬೀಗ ಇರುವ ಸ್ಟೀಲ್ ಬೀರುವನ್ನು ಗೋಡೆಗೆ ಬೋಲ್ಟ್ ಹಾಕಿಸಿ ಕೂರಿಸಿದೆ. ತೋಟಾಗಳಿಗೆ, ಅಂದರೆ ಕೋವಿಗೆ ತುಂಬುವ ಗುಂಡುಗಳಿಗೆ, ಬೇರೆ ಪೆಟ್ಟಿಗೆ, ಬೇರೆ ಬೀಗ.

ಪರಿಶೀಲನೆಗೆ ಠಾಣೆಯಿಂದ ಬಂದವರು ಬೀರು ನೋಡಿದರು, ಅಕ್ಕಪಕ್ಕದ ಮನೆಯವರನ್ನು ವಿಚಾರಿಸಿದರು. ಹಿರಿಯ ಪೇದೆಯೊಬ್ಬರು ಅಪ್ಪನ ಕಡೆ ತಿರುಗಿ, "ಯಜಮಾನ್ರೇ, ಹೆಣ್ಣುಮಕ್ಕಳಿಗೆ ಯಾಕೆ ಇದೆಲ್ಲ? ಮಗನ ಹೆಸರಿಗೇ ಮಾಡ್ಸಬಹುದಿತ್ತಲ್ಲ" ಅಂದರು. ಅಪ್ಪ, "ರಾತ್ರಿ ಹಂದಿ ಬಂದಾಗ ಟಾರ್ಚ್ ಹಿಡ್ಕೊಂಡು ಹೋಗೋಳು ಅವಳು" ಅಂದರು. ಅವರು ಮುಂದೆ ಏನೂ ಕೇಳಲಿಲ್ಲ, ವರದಿಯನ್ನೂ ನ್ಯಾಯವಾಗಿ ಬರೆದರು. ಪೊಲೀಸ್ ವರದಿ 30 ದಿನದೊಳಗೆ ಹೋಗಬೇಕು ಅಂತ ನಿಯಮ ಹೇಳುತ್ತೆ. ನನ್ನ ವಿಷಯದಲ್ಲಿ ಅದು ಸರಿಯಾಗಿಯೇ ನಡೆಯಿತು.

ತಡವಾದದ್ದು ಅರಣ್ಯದ ಕಡೆಯಿಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ಇರುವವರು ಕೋವಿ ಇಟ್ಟುಕೊಂಡಿದ್ದರೆ ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ವಾರ್ಡನ್ ಅವರ ಒಪ್ಪಿಗೆ ಮೊದಲೇ ಬೇಕು. ಕೋವಿ ಹಳೆಯದು, ಮನೆ ಹಳೆಯದು, ಆದರೆ ನನ್ನ ಹೆಸರಿಗೆ ಬರುವುದು ಹೊಸ ಲೈಸೆನ್ಸ್ ಅಂತ ಲೆಕ್ಕ ಹಿಡಿದರು. ಫೈಲು ವಲಯ ಕಚೇರಿಗೆ, ಅಲ್ಲಿಂದ ಮೇಲಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಯಿತು. ಒಂದು ಕಚೇರಿಯಲ್ಲಂತೂ ಫೈಲು ಎಲ್ಲಿದೆ ಅಂತ ಹೇಳುವವರೇ ಸಿಗಲಿಲ್ಲ. ಕೇಳಿದರೆ "ಮುಂದಿನ ವಾರ ಬನ್ನಿ". ಕಾಡಿನಂಚಿನಲ್ಲಿ ಕೋವಿ ಹೆಚ್ಚಬಾರದು ಅನ್ನುವ ಉದ್ದೇಶಕ್ಕೆ ನನ್ನ ಪೂರ್ತಿ ಬೆಂಬಲ ಇದೆ. ಭದ್ರಾದ ಪಕ್ಕದಲ್ಲೇ ಹುಟ್ಟಿ ಬೆಳೆದವಳು ನಾನು. ಆದರೆ ಇಲ್ಲಿ ಕೋವಿಯ ಸಂಖ್ಯೆ ಒಂದೂ ಹೆಚ್ಚುತ್ತಿರಲಿಲ್ಲ. ಅದೇ ಕೋವಿ, ಅದೇ ಬೀರು, ಅಪ್ಪನ ಬದಲು ಮಗಳು. ಇಂಥ ಅರ್ಜಿಗೆ ಬೇರೆ, ಚಿಕ್ಕ ದಾರಿ ಇರಬೇಕು.

ಫೈಲು ಅಲೆಯುತ್ತಿದ್ದಾಗ ನಾನು ತರಬೇತಿ ಮುಗಿಸಿದೆ. ಸುರಕ್ಷತಾ ತರಬೇತಿಯ ಸರ್ಟಿಫಿಕೇಟ್ ಇಲ್ಲದೆ ಈಗ ಲೈಸೆನ್ಸ್ ಸಿಗಲ್ಲ. ಜಿಲ್ಲಾ ಸಶಸ್ತ್ರ ಪಡೆಯವರು, ನಾವು ಡಿಎಆರ್ ಅನ್ನುತ್ತೇವಲ್ಲ ಅವರು, ನಾಗರಿಕ ಬಂದೂಕು ತರಬೇತಿ ನಡೆಸುತ್ತಾರೆ. ಬೆಳಿಗ್ಗೆ ಬೇಗ ಮೈದಾನದಲ್ಲಿರಬೇಕು. ನಮ್ಮ ಗುಂಪಿನಲ್ಲಿ ಬೆಳೆಗಾರರು, ಬ್ಯಾಂಕಿನ ಕಾವಲಿನ ಕೆಲಸಕ್ಕೆ ಸೇರಬೇಕಿದ್ದ ಹುಡುಗರು, ಒಬ್ಬರು ವಕೀಲರು ಇದ್ದರು. ಹೆಂಗಸರು ನಾನು ಮತ್ತು ಕಳಸದ ಕಡೆಯ ಒಬ್ಬ ಹುಡುಗಿ.

ಕಲಿಸಿದ ಆರ್‌ಎಸ್‌ಐ (ರಿಸರ್ವ್ ಸಬ್ ಇನ್ಸ್‌ಪೆಕ್ಟರ್) ಸಾಹೇಬರು ಮೊದಲ ದಿನ ಗುಂಡು ತೋರಿಸಲೇ ಇಲ್ಲ. ಕೋವಿ ಕೈಗೆ ತೆಗೆದುಕೊಳ್ಳೋದು, ಇನ್ನೊಬ್ಬರ ಕೈಗೆ ಕೊಡೋದು, ಇಷ್ಟೇ. ಎಪ್ಪತ್ತರ ಹತ್ತಿರದ ಹಿರಿಯ ಬೆಳೆಗಾರರೊಬ್ಬರು ತಮ್ಮ ಜೋಡು ನಳಿಗೆಯನ್ನು ಪಕ್ಕದವರಿಗೆ ಹಾಗೇ ದಾಟಿಸಿದರು. ಸಾಹೇಬರು ನಿಲ್ಲಿಸಿದರು.

"ಸಾರ್, ಖಾಲಿ ಇದೆ ಅಂತ ಹೇಗೆ ಗೊತ್ತು?"

"ಬೆಳಿಗ್ಗೆ ನಾನೇ ನೋಡಿದ್ದೀನಿ."

"ಬೆಳಿಗ್ಗೆ ಅಲ್ಲ ಸಾರ್. ಈಗ."

ಅವರು ಕೋವಿ ಮಡಚಿದರು. ಎರಡೂ ನಳಿಗೆಯ ಹಿಂಬದಿ ತೆರೆದುಕೊಂಡಿತು. ಸಾಹೇಬರು ಕಣ್ಣಿನಲ್ಲಿ ನೋಡಿದ್ದು ಸಾಲದು ಅಂತ ಕಿರುಬೆರಳನ್ನು ಎರಡು ತೂತಿನಲ್ಲೂ ಇಟ್ಟು ತೋರಿಸಿದರು. ಕತ್ತಲೆಯಲ್ಲಿ, ಮಳೆಯಲ್ಲಿ, ತೋಟದಲ್ಲಿ ಕಣ್ಣು ಮೋಸ ಮಾಡಬಹುದು, ಬೆರಳು ಮಾಡಲ್ಲ ಅಂದರು. ಕೋವಿ ತೆರೆದೇ ಕೊಡಬೇಕು, ತೆರೆದೇ ತೆಗೆದುಕೊಳ್ಳಬೇಕು. ತೆಗೆದುಕೊಂಡವರೂ ಮತ್ತೆ ನೋಡಬೇಕು. ಬೇಲಿ ದಾಟುವಾಗ ತೋಟಾ ತೆಗೆಯಬೇಕು. ಟ್ರಿಗರಿನ ಮೇಲೆ ಬೆರಳು ಹೋಗೋದು ಹೊಡೆಯುವ ಕ್ಷಣದಲ್ಲಿ ಮಾತ್ರ. ಇವನ್ನೇ ದಿನಾ ಮಾಡಿಸಿದರು. ನಲವತ್ತು ವರ್ಷ ಕೋವಿ ಹಿಡಿದಿದ್ದ ಆ ಹಿರಿಯರು ಕೊನೆಯ ದಿನ, "ಇದನ್ನ ನಂಗೆ ಯಾರೂ ಹೇಳಿರ್ಲಿಲ್ಲ" ಅಂದಾಗ ನನಗೆ ಸಂಕಟ ಆಯಿತು. ನಮ್ಮ ಕಡೆ ಪ್ರತಿ ಮಳೆಗಾಲದಲ್ಲೂ ಎಲ್ಲೋ ಒಂದು ಕಡೆ ಆಕಸ್ಮಿಕವಾಗಿ ಗುಂಡು ಹಾರಿ ಯಾರಿಗೋ ತಗುಲಿತು ಅನ್ನೋ ಸುದ್ದಿ ಕೇಳಿಯೇ ನಾವೆಲ್ಲ ಬೆಳೆದದ್ದು.

ಕಾನೂನಿನ ಪಾಠವೂ ಇತ್ತು. ಮದುವೆಯಲ್ಲಿ, ಹಬ್ಬದಲ್ಲಿ ಖುಷಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಆಯುಧಪೂಜೆಗೆ ಕೋವಿಗೆ ಹೂ ಇಡಿ, ಕುಂಕುಮ ಇಡಿ, ಗುಂಡು ಬೇಡ ಅಂದರು. ಇನ್ನೊಂದು ಮಾತು ನಮ್ಮ ಕಡೆಯ ಪ್ರತಿ ಮನೆಗೂ ಗೊತ್ತಿರಬೇಕಾದದ್ದು. ಕೋವಿಯ ಲೈಸೆನ್ಸ್ ಷಿಕಾರಿಯ ಲೈಸೆನ್ಸ್ ಅಲ್ಲ. ಬೆಳೆ ಕಾಯಲು ಅಂತ ಕೊಟ್ಟ ಕೋವಿಯಿಂದ ಹಂದಿ, ಕಡವೆ, ಕಾಟಿ ಹೊಡೆಯಲು ಬರಲ್ಲ. ಬೆದರಿಸಿ ಓಡಿಸಬಹುದು, ಅಷ್ಟೇ.

ಕೊನೆಗೆ ಗುಂಡು ಹೊಡೆಸಿದರು. 12 ಬೋರಿನ ಒದೆತ ಕೇಳಿ ಗೊತ್ತಿತ್ತು. ಹಿಂಬದಿಯನ್ನು ಭುಜದ ಗುಳಿಗೆ ಒತ್ತಿ ಹಿಡಿದು, ಕೆನ್ನೆ ಮರಕ್ಕೆ ತಾಗಿಸಿ, ಎಡಗಾಲು ಮುಂದಿಟ್ಟು ಹೊಡೆದಾಗ ಒದೆತ ಇಡೀ ಮೈಗೆ ಹಂಚಿಹೋಯಿತು. ಸಡಿಲ ಹಿಡಿದ ಹುಡುಗನೊಬ್ಬನಿಗೆ ಭುಜ ನೀಲಿಯಾಯಿತು. ಕಳಸದ ಹುಡುಗಿಯ ಗುರಿ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು.

ಅಷ್ಟರಲ್ಲಿ ಚುನಾವಣೆ ಬಂತು. 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆಯಾಯಿತು, ನೀತಿ ಸಂಹಿತೆ ಜಾರಿಗೆ ಬಂತು. ಕೋವಿ ಠಾಣೆಗೆ ಒಪ್ಪಿಸಿ ಅಂತ ಕರೆ ಬಂತು. ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿದರೂ ಫಲಿತಾಂಶ ಜೂನ್ 4ಕ್ಕೆ. ಅಲ್ಲಿಯವರೆಗೆ ಕೋವಿ ವಾಪಸ್ ಇಲ್ಲ. ಮೇ ತಿಂಗಳು ನಮ್ಮ ತೋಟಗಳಲ್ಲಿ ಹಲಸು ಹಣ್ಣಾಗುವ ಕಾಲ. ವಾಸನೆ ಹಿಡಿದು ಆನೆ ಒಳಗೇ ಬರುತ್ತೆ. ನಾನು ಆಳುಗಳಿಂದ ಎಳೆಯ ಹಲಸನ್ನೇ ಕೀಳಿಸಿ ದೂರ ಸಾಗಿಸಿದೆ, ಪಟಾಕಿ ತಂದಿಟ್ಟೆ. ಕೋವಿ ಇದ್ದಿದ್ದರೂ ಆನೆಯ ಕಡೆ ಅದನ್ನು ಎತ್ತುತ್ತಿರಲಿಲ್ಲ. ಆದರೆ ಒಂಟಿ ಮನೆಯಲ್ಲಿ ವಯಸ್ಸಾದ ಅಪ್ಪನ ಜೊತೆ ಇರುವವಳಿಗೆ ಕೋವಿ ಬೀರುವಿನಲ್ಲಿದೆ ಅನ್ನೋದೇ ಒಂದು ಧೈರ್ಯ.

ಯಾರ ಕೋವಿ ಇಡಿಸಿಕೊಳ್ಳಬೇಕು, ಯಾರದ್ದು ಬೇಡ ಅಂತ ತೀರ್ಮಾನಿಸಲು ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರಬೇಕು ಅನ್ನುತ್ತೆ ಚುನಾವಣಾ ಆಯೋಗ. ಒಬ್ಬೊಬ್ಬರ ವಿಷಯವನ್ನೂ ಬೇರೆ ಬೇರೆ ನೋಡಬೇಕು ಅನ್ನೋದು ಅದರ ಅರ್ಥ. ಸ್ಪರ್ಧೆಗೆ ಹೋಗುವ ರಾಷ್ಟ್ರೀಯ ರೈಫಲ್ ಸಂಸ್ಥೆಯ ಸದಸ್ಯರಿಗೆ ವಿನಾಯಿತಿ ಇದೆ. ಕಾಡಿನಂಚಿನ ಒಂಟಿ ಮನೆಯವರೂ ಬರೆದು ಕೇಳಬೇಕು, ಕಾರಣ ಕೊಟ್ಟು ಕೇಳಬೇಕು. ಎಲ್ಲರೂ ಗೊಣಗುತ್ತಾ ಒಪ್ಪಿಸಿ ಬರುತ್ತೇವೆ, ಅರ್ಜಿ ಬರೆಯುವವರು ಕಡಿಮೆ.

ಜೂನಿನಲ್ಲಿ ಕೋವಿ ಬಿಡಿಸಿಕೊಂಡು ಬಂದಾಗ ಅಪ್ಪನ ಮುಖ ನೋಡಲಾಗಲಿಲ್ಲ. ಟ್ರಿಗರಿನ ಗಾರ್ಡಿಗೆ ಸೆಣಬಿನ ದಾರದಲ್ಲಿ ಚೀಟಿ ಕಟ್ಟಿದ್ದರು. ಆ ದಾರ ಒದ್ದೆಯಾಗಿ ಅದರ ಕೆಳಗೆ ಕಂದು ತುಕ್ಕಿನ ಉಂಗುರ ಕೂತಿತ್ತು. ನಳಿಗೆಯ ಒಳಗೂ ಚುಕ್ಕೆ ಚುಕ್ಕೆ. ಮೊದಲ ಮಳೆಯ ತೇವಕ್ಕೆ ಕಬ್ಬಿಣ ತಡೆಯಲ್ಲ. ಅಪ್ಪ ಜಗಲಿಯಲ್ಲಿ ಗೋಣಿ ಹಾಸಿ, ಹಿತ್ತಾಳೆ ಬ್ರಷ್ಷಿಗೆ ಎಣ್ಣೆ ಹಚ್ಚಿ ಸಂಜೆವರೆಗೆ ಉಜ್ಜಿದರು. ಒಪ್ಪಿಸುವ ಮೊದಲು ಒಳಗೂ ಹೊರಗೂ ಎಣ್ಣೆ ಹಚ್ಚಿ, ಬಟ್ಟೆಯ ಚೀಲದಲ್ಲಿ ಹಾಕಿ, ಕೋವಿ ಯಾವ ಸ್ಥಿತಿಯಲ್ಲಿದೆ ಅಂತ ರಸೀದಿಯಲ್ಲಿ ಬರೆಸಿಕೊಳ್ಳಿ. ಫೋಟೋನೂ ತೆಗೆದಿಡಿ.

ಮಳೆಗಾಲ ಕಳೆದ ಮೇಲೆ ಅರಣ್ಯದ ಒಪ್ಪಿಗೆ ಬಂತು. ಆಮೇಲೆ ಡಿಸಿ ಕಚೇರಿಯಲ್ಲಿ ಹೆಚ್ಚು ದಿನ ಹಿಡಿಯಲಿಲ್ಲ. ನನ್ನ ಫೋಟೋ, ಗುರುತಿನ ಸಂಖ್ಯೆ, ಎರಡೂ ಕೋವಿಯ ನಂಬರು ಇರುವ ಪುಸ್ತಕ ಕೈಗೆ ಬಂತು. ಅವಧಿ ಈಗ ಐದು ವರ್ಷ, ಮೊದಲು ಮೂರಿತ್ತು. ಅರ್ಜಿ ತಿರಸ್ಕಾರ ಆದವರೂ ಎದೆಗುಂದಬೇಡಿ. ಕಾರಣ ಬರೆದು ಕೊಡಿ ಅಂತ ಕೇಳುವ ಹಕ್ಕು ಇದೆ, ಮೇಲ್ಮನವಿಗೂ ದಾರಿ ಇದೆ.

ಇಷ್ಟು ದೂರ ನಡೆದ ಮೇಲೆ ನನಗೆ ಒಂದು ಕೊರತೆ ಎದ್ದು ಕಾಣುತ್ತೆ. ಕೋವಿ ಯಾರ ಕೈಗೆ ಹೋಗುತ್ತೆ ಅಂತ ಕಾನೂನು ಬಿಗಿಯಾಗಿ ನೋಡುತ್ತೆ. ಅದು ಹಾಗೇ ಇರಲಿ. ಆದರೆ ಒಮ್ಮೆ ಲೈಸೆನ್ಸ್ ಕೊಟ್ಟ ಮೇಲೆ ಆ ಕೈ ಪಳಗಿದೆಯಾ, ಕಲಿತದ್ದು ನೆನಪಿದೆಯಾ ಅಂತ ನೋಡುವವರಿಲ್ಲ. ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಹೋದರೂ ಕೋವಿ ಬಿಚ್ಚಿ ತೋರಿಸಿ ಅನ್ನಲ್ಲ. ಕಾಡಿನಂಚಿನಲ್ಲಿ ಸುಮ್ನೆ ಅಭ್ಯಾಸಕ್ಕೆ ಗುಂಡು ಹೊಡೆಯುವ ಹಾಗಿಲ್ಲ. ಹಾಗಾದರೆ ಕಲಿಯೋದು ಎಲ್ಲಿ? ಇದಕ್ಕೆ ಶೂಟಿಂಗ್ ಕ್ಲಬ್ಬೇ ಉತ್ತರ ಅಂತ ನಾನು ನಂಬಿದ್ದೇನೆ.

ನನ್ನ ಮಗ ಕಲಿಯುವ ಕ್ಲಬ್ಬಿನಲ್ಲಿ ಸದ್ಯ ಇರೋದು 10 ಮೀಟರ್ ದೂರದ ಗುರಿಗೆ ಏರ್ ರೈಫಲ್ ಹೊಡೆಯುವ ಸಾಲುಗಳು ಮಾತ್ರ. 4.5 ಮಿಲಿಮೀಟರ್ ಪೆಲೆಟ್, ಗುರಿಯ ನಡುವಿನ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ. 2024ರಲ್ಲಿ ಪ್ಯಾರಿಸಿನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ತಂದಾಗಿನಿಂದ ಮಕ್ಕಳಿಗೆಲ್ಲ .22ರ ಆಸೆ ಹುಟ್ಟಿದೆ. ಅದಕ್ಕೆ ಲೈಸೆನ್ಸ್ ಬೇಕು, ಹಿಂದೆ ಗುಂಡು ತಡೆಯುವ ಎತ್ತರದ ದಿಬ್ಬ ಬೇಕು, ಪೊಲೀಸರ ಒಪ್ಪಿಗೆ ಬೇಕು. ಕ್ಲಬ್ಬಿನವರು ಜಾಗ ಹುಡುಕುತ್ತಿದ್ದಾರೆ, ಅರ್ಜಿಯ ತಯಾರಿ ನಡೆದಿದೆ. ಅದರ ಪಕ್ಕದಲ್ಲೇ ಬೆಳೆಗಾರರಿಗೆ 12 ಬೋರಿನ ಅಭ್ಯಾಸಕ್ಕೂ ಒಂದು ಸಾಲು ಸೇರಿಸಿ ಅಂತ ನಾನು ಮತ್ತು ತರಬೇತಿಯಲ್ಲಿ ಜೊತೆಗಿದ್ದ ಕೆಲವರು ಬರೆದುಕೊಟ್ಟಿದ್ದೇವೆ. ಆ ಹಿರಿಯರೂ ಸಹಿ ಹಾಕಿದ್ದಾರೆ.

ಜಾಗ ಸಿಗುವವರೆಗೆ ತಿಂಗಳಿಗೊಂದು ಭಾನುವಾರ ಗುಂಡಿಲ್ಲದೆ ಬರೀ ಕೋವಿ ಹಿಡಿಯುವ, ತೆರೆಯುವ, ಸ್ವಚ್ಛ ಮಾಡುವ ಅಭ್ಯಾಸ ಶುರು ಮಾಡಿದ್ದೇವೆ. ಲೈಸೆನ್ಸ್ ಪುಸ್ತಕ ಜೊತೆಗಿರಬೇಕು, ತೋಟಾ ಮನೆಯಲ್ಲೇ ಬಿಟ್ಟು ಬರಬೇಕು. ಹೆಂಗಸರು ಬಂದರೆ ನನಗೆ ಇನ್ನೂ ಸಂತೋಷ. ಮುಂದಿನ ಸಲ ಅಪ್ಪ ಕೇಪಿನ ಕೋವಿ ತಂದು, ಅದರ ನಳಿಗೆ ತೊಳೆಯೋದು ಹೇಗೆ ಅಂತ ತೋರಿಸುತ್ತಾರೆ.